ಆಚೆಯವನು ‘ಬಂತು’ ಅನ್ನುವವರೆಗೆ

ಆಫೀಸಿನಲ್ಲಿ ಅವಳಿಗೆ ‘ಹಲೋ ಮೇಡಂ’ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಇಟ್ಟ ಹೆಸರು ಮಾತ್ರ ಅಂಟಿಕೊಂಡಿತು. ಬೆಳಿಗ್ಗೆ ಬಂದವಳೇ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ‘ಹಲೋ, ಹಲೋ, ಕೇಳಿಸ್ತಾ ಇದೆಯಾ’ ಎಂದು ಶುರು ಮಾಡಿದರೆ ಸಂಜೆ ಮನೆಗೆ ಹೊರಡುವವರೆಗೂ ಅದೇ ರಾಗ. ಪಕ್ಕದ ಸಾಲಿನ ಹುಡುಗರು ಅವಳ ದನಿಯನ್ನು ಅಣಕಿಸುತ್ತಿದ್ದರು. ಅವಳಿಗೆ ಗೊತ್ತಿತ್ತು, ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಐವತ್ತರ ಹತ್ತಿರ ಬಂದ ಒಂಟಿ ಹೆಂಗಸಿಗೆ ಅಣಕಿಸುವವರಾದರೂ ಇದ್ದಾರಲ್ಲ ಎಂಬ ಸಮಾಧಾನವೂ ಒಳಗೊಳಗೇ ಇತ್ತೇನೋ.

ಅವಳ ಕೆಲಸ ಏನೆಂದು ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದರ ತಲೆಬುಡ ತಿಳಿಯುವುದಿಲ್ಲ. ರಕ್ತ ಮೂತ್ರ ಪರೀಕ್ಷೆ ಮಾಡುವ ಲ್ಯಾಬುಗಳ ದೊಡ್ಡ ಕಂಪನಿ ಅದು, ಊರೂರಿಗೂ ಶಾಖೆ. ಒಂದೊಂದು ಶಾಖೆಯ ಮೂಲೆಯಲ್ಲೂ ಒಂದು ರೂಟರ್, ಅಂದರೆ ಶಾಖೆಯನ್ನು ಹೆಡ್ ಆಫೀಸಿಗೆ ಜೋಡಿಸುವ ಡಬ್ಬಿ. ಅದು ಕೈಕೊಟ್ಟರೆ ರಕ್ತ ಕೊಟ್ಟವನ ರಿಪೋರ್ಟು ಡಾಕ್ಟರನ್ನು ತಲುಪುವುದಿಲ್ಲ, ಕೌಂಟರಿನ ಮುಂದೆ ಜನ ಗಂಟಲು ಹರಿದುಕೊಳ್ಳುತ್ತಾರೆ. ಹಳೆಯ ರೂಟರುಗಳಿಗೆ ವಯಸ್ಸಾಗಿತ್ತು. ಎಲ್ಲ ಶಾಖೆಗಳಿಗೂ ಹೊಸದನ್ನು ಹಾಕುವುದೆಂದು ಕಂಪನಿ ತೀರ್ಮಾನಿಸಿತು. ಹಿಂದಿನ ಕಾಲವಾಗಿದ್ದರೆ ಎಂಜಿನಿಯರುಗಳು ಬ್ಯಾಗು ಹೊತ್ತು ಬಸ್ಸು ರೈಲು ಹತ್ತಿ ಸುತ್ತಬೇಕಿತ್ತು. ಈಗ ಡಬ್ಬಿ ಕೊರಿಯರಿನಲ್ಲಿ ಹೋಗುತ್ತದೆ. ಶಾಖೆಯ ರಿಸೆಪ್ಷನಿಸ್ಟ್ ಅದಕ್ಕೆ ಎರಡು ವೈರು ಚುಚ್ಚುತ್ತಾಳೆ. ಡಬ್ಬಿ ತಾನಾಗಿಯೇ ಹೆಡ್ ಆಫೀಸಿಗೆ ‘ನಾನು ಇಂಥ ನಂಬರಿನವನು, ನನಗೇನು ಅಪ್ಪಣೆ’ ಎಂದು ಕೇಳುತ್ತದೆ. ಆಯಾ ಶಾಖೆಗೆ ತಕ್ಕ ಸೆಟ್ಟಿಂಗುಗಳನ್ನು ಸಿದ್ಧಮಾಡಿ ಇಲ್ಲಿಂದ ಕಳಿಸುವುದು ನಮ್ಮ ಹಲೋ ಮೇಡಂ ಕೆಲಸ.

ಕಳಿಸಿದರೆ ಮುಗಿಯಲಿಲ್ಲ. ಹಿಂದೊಮ್ಮೆ ಯಾವನೋ ಪುಣ್ಯಾತ್ಮ ತಪ್ಪು ಸೆಟ್ಟಿಂಗು ಕಳಿಸಿ, ‘ಎಲ್ಲ ಸರಿ ಇದೆ’ ಎಂದು ತಾನೇ ಷರಾ ಬರೆದು, ಹಾಯಾಗಿ ಮನೆಗೆ ಹೋಗಿದ್ದನಂತೆ. ಮರುದಿನ ಅರ್ಧಕ್ಕರ್ಧ ಶಾಖೆಗಳು ಕೈಕಟ್ಟಿ ಕೂತವು. ಅಂದಿನಿಂದ ಒಂದು ಕಟ್ಟಳೆ: ಕಳಿಸುವವರು ಬೇರೆ, ಬಂತು ಅನ್ನುವವರು ಬೇರೆ. ಲೈನುಗಳೆಲ್ಲ ಬಂದು ಸೇರುವ ಕೇಂದ್ರ ಇನ್ನೊಂದು ಊರಿನಲ್ಲಿತ್ತು. ಅಲ್ಲಿ ಕೂತವನು ಆ ಡಬ್ಬಿ ಎದ್ದದ್ದನ್ನು ಕಣ್ಣಾರೆ ನೋಡಿ, ಇಬ್ಬರ ಪರದೆಯಲ್ಲೂ ಕಾಣುವ ಕಿಟಕಿಯಲ್ಲಿ ‘ಬಂತು’ ಎಂದು ಬರೆಯಬೇಕು. ಅವನು ಬರೆಯುವವರೆಗೆ ಇವಳು ಮುಂದಿನ ಶಾಖೆಯನ್ನು ಮುಟ್ಟುವ ಹಾಗಿಲ್ಲ. ಇಲ್ಲಿಯವರೆಲ್ಲ ಅವನನ್ನು ‘ಆಚೆಯವನು’ ಎನ್ನುತ್ತಿದ್ದರು.

ಡಬ್ಬಿ ಸೆಟ್ಟಿಂಗನ್ನು ನುಂಗಿ, ಒಮ್ಮೆ ಆರಿ, ಮತ್ತೆ ಏಳುವುದಕ್ಕೆ ಒಂದು ಲೋಟ ಕಾಫಿಯನ್ನು ಆರಾಮವಾಗಿ ಕುಡಿದು ಮುಗಿಸುವಷ್ಟು ಹೊತ್ತು ಹಿಡಿಯುತ್ತಿತ್ತು. ಫೋನಿನ ಲೈನು ಎರಡೂ ಕಡೆ ತೆರೆದೇ ಇರುತ್ತಿತ್ತು. ಇಬ್ಬರು ಮನುಷ್ಯರು ಎಷ್ಟು ಹೊತ್ತು ಅಂತ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಾರೆ? ಮೊದಮೊದಲು ‘ಇನ್ನೂ ಬಂದಿಲ್ಲ’, ‘ಕಾಯೋಣ’ ಎಂಬಷ್ಟೇ ಮಾತು. ಆಮೇಲೊಂದು ದಿನ ಅವನು ‘ಬಂತು ಮೇಡಂ’ ಎನ್ನುವ ಬದಲು ಬಾಯಿ ತಪ್ಪಿ ‘ಬಂತು ಅಕ್ಕ’ ಅಂದ. ಅಂದವನು ತಡವರಿಸಿದ.

“ತಪ್ಪು ತಿಳ್ಕೋಬೇಡಿ. ನಿಮ್ಮ ದನಿ ನಮ್ಮಕ್ಕನ ದನಿ ಥರಾನೇ ಇದೆ.”

“ನಿಮ್ಮಕ್ಕ ಎಲ್ಲಿದ್ದಾರೆ?”

“ಇಲ್ಲ ಈಗ.”

“ಹಾಗಾದ್ರೆ ಅಕ್ಕ ಅಂತಲೇ ಕರಿ,” ಎಂದಳು ಅವಳು. ಹೇಳಿದ ಮೇಲೆ ಅವಳ ಮುಖ ಬಿಸಿಯಾಯಿತು. ಅವಳನ್ನು ಅಕ್ಕ ಎನ್ನುವವರು ಯಾರೂ ಇರಲಿಲ್ಲ, ಮನೆಗೆ ಅವಳೇ ಕಿರಿಯವಳು.

ಅಲ್ಲಿಂದ ಮಾತಿಗೆ ದಾರಿಯಾಯಿತು. ಒಂದು ಶಾಖೆಯಲ್ಲಿ ಡಬ್ಬಿ ಎದ್ದು ಬಂದದ್ದೇ ಮತ್ತೆ ಮಲಗುತ್ತಿತ್ತು. ಸೆಟ್ಟಿಂಗು ಸರಿ, ವೈರು ಸರಿ, ಏನೂ ಹೊಳೆಯದು. ಕೊನೆಗೆ ರಿಸೆಪ್ಷನಿಸ್ಟಿಗೆ ಫೋನು ಹಚ್ಚಿ ‘ಡಬ್ಬಿ ಎಲ್ಲಿಟ್ಟಿದ್ದೀಯಮ್ಮ’ ಎಂದರೆ, ‘ಫ್ರಿಜ್ಜಲ್ಲಿ ಮೇಡಂ’ ಎಂದಳು. ಡಬ್ಬಿಯ ಮೇಲೆ ತಂಪಾದ ಜಾಗದಲ್ಲಿಡಿ ಎಂದು ಅಚ್ಚಾಗಿತ್ತಂತೆ. ರಕ್ತದ ಸೀಸೆಗಳ ಪಕ್ಕದಲ್ಲಿ ಜಾಗ ಮಾಡಿ ಇಟ್ಟು, ವೈರು ಹೊರಗೆಳೆದು, ಬಾಗಿಲು ಹಾಕಿದ್ದಳು ಮಹಾತಾಯಿ. ಬಾಗಿಲು ಭದ್ರವಾಗಿ ಮುಚ್ಚಿದಾಗಲೆಲ್ಲ ವೈರು ಜಗ್ಗಿ ಬರುತ್ತಿತ್ತು.

“ಪಾಪ ಅಕ್ಕ, ಅದಕ್ಕೂ ಸ್ವೆಟರ್ ಕಳಿಸಿ,” ಎಂದ ಆಚೆಯವನು. ಅವಳು ಎಷ್ಟು ನಕ್ಕಳೆಂದರೆ ಪಕ್ಕದ ಸಾಲಿನ ಹುಡುಗರು ಎದ್ದು ನಿಂತು ನೋಡಿದರು.

ಅವನ ಮನೆಯ ಕಥೆಯೆಲ್ಲ ಅವಳಿಗೆ ಬಾಯಿಪಾಠವಾಯಿತು. ಹೆಂಡತಿ ಕೋಪ ಬಂದರೆ ಅಡುಗೆಮನೆಯ ಪಾತ್ರೆಗಳ ಮೂಲಕ ಮಾತಾಡುವವಳು. ಮಗಳು ಅಪ್ಪನಿಗೆ ‘ನಿಂಗೇನೂ ಗೊತ್ತಾಗಲ್ಲ’ ಎಂದು ದಿನಕ್ಕೊಮ್ಮೆ ಹೇಳುವವಳು. ಇವಳ ಮನೆಯ ನಲ್ಲಿ ತೊಟ್ಟಿಕ್ಕುವುದನ್ನು ಕೇಳಿ, ಒಳಗಿನ ವಾಷರ್ ಬದಲಿಸುವುದು ಹೇಗೆಂದು ಅವನು ಮೂರು ಶಾಖೆಗಳು ಏಳುವಷ್ಟು ಹೊತ್ತು ಪಾಠ ಮಾಡಿದ. ಅವಳು ಬದಲಿಸಿದಳು. ಮರುದಿನ ‘ನಿಂತಿತು ಕಣೋ’ ಎಂದು ಅವಳು ಹೇಳಿದಾಗ ಇಬ್ಬರಿಗೂ ಆದ ಸಂತೋಷ ನೋಡಬೇಕಿತ್ತು. ಅವನ ಮುಖ ಅವಳು ಕಂಡಿದ್ದಿಲ್ಲ. ಪರದೆಯಲ್ಲಿ ಅವನ ಚಿತ್ರವಿರಬೇಕಾದ ಜಾಗದಲ್ಲಿ ಒಂದು ಆಮೆಯ ಫೋಟೊ ಇತ್ತು.

ನೀವು ಹೇಳಬಹುದು, ಇದೇನು ಮಹಾ ವಿಷಯ ಎಂದು. ಹೇಳುವವರ ಮನೆಯಲ್ಲಿ ಮಾತಿಗೆ ಜನ ಇರುತ್ತಾರೆ. ಅವಳ ಮನೆ ಎಂದರೆ ಮಹಡಿಯ ಮೇಲಿನ ಒಂದು ಕೋಣೆ, ಒಂದು ಅಡುಗೆಕಟ್ಟೆ, ಎದುರು ಕಟ್ಟಡದ ಗೋಡೆಗೆ ತೆರೆಯುವ ಕಿಟಕಿ. ಅಮ್ಮ ಹಾಸಿಗೆ ಹಿಡಿದ ವರ್ಷಗಳಲ್ಲಿ ಮದುವೆಯ ಮಾತು ಒಂದೆರಡು ಸಲ ಬಂದು ಬಾಗಿಲಲ್ಲೇ ತಿರುಗಿತ್ತು. ಅಮ್ಮ ಹೋದ ಮೇಲೆ ಮಾತು ಎತ್ತುವವರೂ ಇಲ್ಲವಾದರು. ಅದೇ ಊರಿನಲ್ಲಿ ಅಣ್ಣ ಅತ್ತಿಗೆ ಇದ್ದರು. ಭಾನುವಾರ ಯಾವಾಗಲಾದರೂ ಹೋದರೆ ಅತ್ತಿಗೆ ‘ಹೇಳಿ ಬರೋದಲ್ವಾ, ಏನಾದ್ರೂ ಮಾಡಿರ್ತಿದ್ದೆ’ ಎನ್ನುತ್ತಿದ್ದಳು. ಹೇಳಿ ಹೋದರೆ ‘ಅಯ್ಯೋ, ಇವತ್ತೇ ನಾವು ಹೊರಗೆ ಹೊರಟಿದ್ವಿ’ ಎನ್ನುತ್ತಿದ್ದಳು. ಅಣ್ಣ ಟೀವಿಯ ದನಿ ಸ್ವಲ್ಪ ಇಳಿಸಿ ‘ಮತ್ತೆ?’ ಎನ್ನುತ್ತಿದ್ದ. ಅವಳು ಸೋಫಾದ ತುದಿಯಲ್ಲಿ ಕೂತು ಚಹಾ ಕುಡಿದು ‘ಬರ್ತೀನಿ’ ಎಂದು ಎದ್ದರೆ ಯಾರೂ ‘ಕೂತ್ಕೋ’ ಎನ್ನುತ್ತಿರಲಿಲ್ಲ. ಭಾನುವಾರವೆಂದರೆ ಅವಳಿಗೆ ಆಗದು.

ಹೀಗಿರುವಾಗ ಸಾಹೇಬ ಅವಳನ್ನು ಒಳಗೆ ಕರೆದ. ಸಾಹೇಬ ಎಂದರೆ ಅವಳಿಗಿಂತ ಹತ್ತಾರು ವರ್ಷ ಚಿಕ್ಕವನು, ಒಳ್ಳೆಯವನೇ, ಕುರ್ಚಿಯಲ್ಲಿ ಒಂದು ಕಡೆ ನೆಟ್ಟಗೆ ಕೂರಲು ಮಾತ್ರ ಬಾರದವನು.

“ಮೇಡಂ, ಹೀಗೆ ಒಂದೊಂದೇ ಕಳಿಸಿ ಕಾಯ್ತಾ ಕೂತ್ರೆ ನಾವೆಲ್ಲ ರಿಟೈರ್ ಆದ್ರೂ ಮುಗಿಯಲ್ಲ. ಉಳಿದ ಶಾಖೆಗಳನ್ನ ಗುಂಪು ಗುಂಪಾಗಿ ಏಳಿಸಿಬಿಡೋಣ. ಬಂತು ಅನ್ನೋದಕ್ಕೆ ಮನುಷ್ಯ ಯಾಕೆ? ಆಚೆಯವನು ಏನೇನು ನೋಡಿ ಬಂತು ಅಂತಾನೋ ಅದನ್ನ ನೀವು ಪ್ರೋಗ್ರಾಂ ಬರೆದುಬಿಡಿ.”

“ಅವನ ಕೆಲಸ ಅವನೇ ಬರೀಬಹುದಲ್ವಾ?”

“ಕಟ್ಟಳೆ ಇದೆಯಲ್ಲ. ಅವನ ಕೆಲಸದ ಪರೀಕ್ಷೆ ಅವನೇ ಬರೆದ್ರೆ ಹೇಗೆ? ಇನ್ನೊಬ್ಬರು ಬರೀಬೇಕು. ಆಮೇಲೆ, ಅವನಿಗೆ ಈಗಲೇ ಹೇಳ್ಬೇಡಿ. ಸುಮ್ನೆ ಗಲಾಟೆ.”

ಅವಳು ಹೂಂ ಎಂದಳು. ಇಲ್ಲ ಅನ್ನುವ ಅಭ್ಯಾಸ ಅವಳಿಗೆ ಮೊದಲಿಂದಲೂ ಇಲ್ಲ. ಆದರೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು, ಕನ್ನಡಿ ನೋಡದೆ ಹೊರಗೆ ಬಂದಳು. ಬರೆಯಬೇಕಾದದ್ದು ಬರೀ ಅವನ ಕೆಲಸವನ್ನಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಾಯುವ ಹೊತ್ತು ಹೋದರೆ ಮಾತೂ ಹೋಯಿತು, ಮಾತು ಹೋದರೆ ಅಕ್ಕನೂ ಹೋದಳು.

ಅಂದಿನಿಂದ ಅವಳು ಕಳ್ಳಿಯಾದಳು. ಡಬ್ಬಿ ಏಳುವ ಹೊತ್ತಿನಲ್ಲಿ ನಲ್ಲಿಯ ಸುದ್ದಿ, ಮಗಳ ಸುದ್ದಿ ಬಿಟ್ಟು ‘ಅಲ್ಲಪ್ಪ, ಬಂತು ಅನ್ನೋ ಮುಂಚೆ ನೀನು ಏನೇನು ನೋಡ್ತೀಯ?’ ಎಂದು ಕೇಳತೊಡಗಿದಳು. ಅವನು ಉಬ್ಬಿಹೋದ. ಮೊದಲು ದೀಪ, ಆಮೇಲೆ ಲೈನು, ಆಮೇಲೆ ಶಾಖೆಯ ಕಂಪ್ಯೂಟರಿಗೆ ಕೇಂದ್ರದಿಂದ ಒಂದು ಕೂಗು ಹಾಕಿ ಅದು ಓಗೊಡುತ್ತದಾ ಎಂದು ನೋಡುವುದು, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದ. ತನ್ನ ಕೆಲಸದ ಬಗ್ಗೆ ಯಾರೂ ಇಷ್ಟು ಅಕ್ಕರೆಯಿಂದ ಕೇಳಿರಲಿಲ್ಲ ಎಂದ. ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ವಿಚಿತ್ರವೆಂದರೆ ಅವನೂ ಕೇಳತೊಡಗಿದ. ‘ಅಕ್ಕ, ಕಳಿಸೋ ಮುಂಚೆ ನೀವು ಏನೇನು ಸರಿ ನೋಡ್ಕೋತೀರಿ?’ ‘ಯಾವ ಶಾಖೆ ಮೊದಲು ಅಂತ ಹೇಗೆ ತೀರ್ಮಾನ ಮಾಡ್ತೀರಿ?’ ಅವಳು ಮರುಳಿ, ತಾನು ಕೇಳಿದ್ದಕ್ಕೆ ಅವನಿಗೂ ಆಸಕ್ತಿ ಹುಟ್ಟಿದೆ ಎಂದುಕೊಂಡಳು. ಖುಷಿಯಿಂದ ಹೇಳಿದಳು. ಬೆಳಿಗ್ಗೆ ರೋಗಿಗಳ ಸಾಲು ದೊಡ್ಡದಿರುವ ಶಾಖೆಯನ್ನು ಮಧ್ಯಾಹ್ನದವರೆಗೆ ಮುಟ್ಟುವುದಿಲ್ಲ ಎಂಬುದು ಅವಳ ಸ್ವಂತ ಲೆಕ್ಕ, ಎಲ್ಲೂ ಬರೆದಿಟ್ಟದ್ದಲ್ಲ. ಅದನ್ನೂ ಹೇಳಿದಳು. ಅವನು ಆಚೆಯಿಂದ ‘ಹಾಂ, ಹಾಂ’ ಎನ್ನುತ್ತಾ ಕೀಲಿಮಣೆ ಕುಟ್ಟುತ್ತಿದ್ದ. ಬರೆದುಕೊಳ್ಳುತ್ತಿದ್ದಾನೆ, ಶ್ರದ್ಧೆಯ ಮನುಷ್ಯ, ಎಂದುಕೊಂಡಳು.

ಪ್ರೋಗ್ರಾಂ ಬರೆಯುವುದು ಅವಳಿಗೆ ಕಷ್ಟವಾಗಲಿಲ್ಲ, ಆ ವಿದ್ಯೆಯಲ್ಲಿ ಅವಳು ಪಳಗಿದವಳೇ. ದೀಪ, ಲೈನು, ಓಗೊಡುವುದು, ಮೂರನ್ನೂ ಜೋಡಿಸಿದಳು. ಎಲ್ಲ ಸರಿ ಇದ್ದರೆ ಪ್ರೋಗ್ರಾಂ ಕಿಟಕಿಯಲ್ಲಿ ಒಂದು ಮಾತು ಬರೆಯಬೇಕಲ್ಲ, ಅದಕ್ಕೆ ಅವನ ಹಳೆಯ ಸಾಲುಗಳಿಂದಲೇ ಒಂದನ್ನು ಎತ್ತಿ ಅಂಟಿಸಿದಳು. ಕೈ ತಪ್ಪಿತೋ, ಬೇಕೆಂದೇ ಮಾಡಿದಳೋ, ದೇವರೇ ಬಲ್ಲ.

ಪರೀಕ್ಷೆಯ ದಿನ ಬಂತು. ಸಾಹೇಬ, ಪಕ್ಕದ ಸಾಲಿನ ಹುಡುಗರು, ಎಲ್ಲ ಅವಳ ಕುರ್ಚಿಯ ಹಿಂದೆ ನಿಂತರು. ಅವಳು ಎಂದಿನಂತೆ ಕಳಿಸಲು ಕೀಲಿಮಣೆಗೆ ಕೈ ಚಾಚಿದಳು.

“ನೀವು ಏನೂ ಮಾಡ್ಬೇಡಿ ಮೇಡಂ,” ಎಂದ ಸಾಹೇಬ. “ಸುಮ್ನೆ ನೋಡಿ.”

ಅವಳು ಕೈಯನ್ನು ಮಡಿಲಲ್ಲಿಟ್ಟುಕೊಂಡಳು. ಕಿಟಕಿಯಲ್ಲಿ ಸಾಲು ಮೂಡಿತು. ‘ಕಳಿಸಿದ್ದೀನಿ ತಮ್ಮ, ನೋಡು.’ ಅದು ಅವಳದೇ ಮಾತು, ಅವಳು ಇಷ್ಟು ತಿಂಗಳು ಬರೆಯುತ್ತಿದ್ದ ಮಾತು, ಅಕ್ಷರ ಅಕ್ಷರವೂ ಅದೇ. ಅವಳು ಬರೆದಿರಲಿಲ್ಲ. ಮೊದಲ ಡಬ್ಬಿ ಎದ್ದದ್ದೇ ಅದರ ಕೆಳಗೆ ಇನ್ನೊಂದು ಸಾಲು, ‘ಬಂತು ಅಕ್ಕ.’ ಮತ್ತೆ ‘ಕಳಿಸಿದ್ದೀನಿ ತಮ್ಮ, ನೋಡು.’ ಮತ್ತೆ ‘ಬಂತು ಅಕ್ಕ.’ ಗುಂಪಾಗಿ ಕಳಿಸಿದ್ದರಿಂದ ನೋಡನೋಡುತ್ತಿದ್ದಂತೆ ಪರದೆಯಲ್ಲಿ ಶಾಖೆಗಳ ಚುಕ್ಕಿಗಳು ಒಂದರ ಹಿಂದೊಂದು ಹಸಿರಾದವು, ಸಾಲುಗಳು ಓದಲಾಗದ ವೇಗದಲ್ಲಿ ಮೇಲಕ್ಕೆ ಓಡಿದವು. ಅಕ್ಕ ತಮ್ಮ ಅಂತ ಮಾತಾಡುತ್ತಿದ್ದದ್ದು ಎರಡು ಪ್ರೋಗ್ರಾಂಗಳು. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಗುವಂತೆ ಮುಖ ಮಾಡಿದಳು.

ಹಿಂದೆ ನಿಂತವರೆಲ್ಲ ಚದುರಿದ ಮೇಲೆ ಹೆಡ್‌ಫೋನಿನಲ್ಲಿ ಅವನ ದನಿ ಮೆಲ್ಲಗೆ ಬಂತು.

“ಅಕ್ಕ. ನಿಮಗೂ ಹೇಳಿದ್ರಾ?”

“ಹೂಂ.”

“ಯಾವಾಗ?”

“ನೀನು ಪ್ರಶ್ನೆ ಕೇಳೋಕೆ ಶುರು ಮಾಡೋದಕ್ಕೆ ಸ್ವಲ್ಪ ಮುಂಚೆ.”

“ನನಗೆ ನಮ್ಮ ಸಾಹೇಬ್ರು ಹೇಳಿದ್ರು, ನಿಮ್ಮ ಕೆಲಸಾನ ಪ್ರೋಗ್ರಾಂ ಮಾಡು, ನಿಮಗೆ ತಿಳಿಸಬೇಡ ಅಂತ. ಹೇಳ್ಬೇಕು ಹೇಳ್ಬೇಕು ಅಂತ ದಿನಾ ಅಂದ್ಕೋತಿದ್ದೆ. ಬಾಯೇ ಬರಲಿಲ್ಲ.”

“ನನಗೂ ಬರಲಿಲ್ಲ.”

ಆಮೇಲೆ ಅವನು “ನಿಮ್ಮ ಪ್ರೋಗ್ರಾಂ ಚೆನ್ನಾಗಿದೆ ಅಕ್ಕ. ನಾನು ಒಂದು ಶಾಖೆ ನೋಡೋ ಹೊತ್ತಲ್ಲಿ ಅದು ಎಲ್ಲಾ ಶಾಖೆ ಮುಗಿಸುತ್ತೆ” ಎಂದ. ಅವಳು “ನಿಂದೂ ಚೆನ್ನಾಗಿದೆ, ದೊಡ್ಡ ಸಾಲಿರೋ ಶಾಖೆನ ಮಧ್ಯಾಹ್ನಕ್ಕೆ ಬಿಟ್ಟಿದ್ದೀಯ” ಎಂದಳು. ಇದನ್ನು ಕೇಳಿದವರು ಒಬ್ಬರನ್ನೊಬ್ಬರು ಹೊಗಳುತ್ತಿದ್ದಾರೆ ಅಂದುಕೊಳ್ಳಬೇಕು. ಇಡುವ ಮುಂಚೆ ಅವನು “ಫೋನ್ ಮಾಡ್ತಿರ್ತೀನಿ ಅಕ್ಕ” ಎಂದ.

“ಮಾಡ್ತಿರು,” ಎಂದಳು.

ಸಂಜೆ ಸಾಹೇಬ ಮತ್ತೆ ಕರೆದ. “ಮೇಡಂ, ಆ ಅಕ್ಕ ತಮ್ಮ ಎಲ್ಲ ತೆಗೆದುಬಿಡಿ. ವರದಿ ಮೇಲಿನವರಿಗೆ ಹೋಗುತ್ತೆ, ಏನಂದ್ಕೋತಾರೆ?” ಅವಳು ಕೂತು ಒಂದು ಕಡೆ ‘ರವಾನೆ’ ಎಂದೂ ಇನ್ನೊಂದು ಕಡೆ ‘ಯಶಸ್ವಿ’ ಎಂದೂ ಬದಲಿಸಿದಳು. ಅದು ಚಿಟಿಕೆ ಹೊಡೆಯುವಷ್ಟರ ಕೆಲಸ. ಮುಗಿದ ಮೇಲೆ ಅವಳು ಕಂಪ್ಯೂಟರ್ ಆರಿಸಿ, ಹೆಡ್‌ಫೋನಿನ ವೈರನ್ನು ನೀಟಾಗಿ ಸುತ್ತಿ ಡ್ರಾಯರಿಗೆ ಹಾಕಿದಳು.

ಆಮೇಲಿನ ದಿನಗಳಲ್ಲಿ ಅವಳ ಕೆಲಸ ಸುಖದ್ದಾಯಿತು ಎಂದರು ಎಲ್ಲರೂ. ಕೂತು ಪರದೆ ನೋಡಿದರಾಯಿತು, ಚುಕ್ಕಿಗಳೆಲ್ಲ ಹಸಿರಾಗಿದ್ದರೆ ಸರಿ. ಹಸಿರಾಗಿಯೇ ಇದ್ದವು. ಬೆಳಿಗ್ಗೆ ಬಂದವಳು ಹಲೋ ಎನ್ನಲು ಯಾರೂ ಇಲ್ಲದೆ ಮಧ್ಯಾಹ್ನದ ಹೊತ್ತಿಗೆ ಗಂಟಲು ಕಟ್ಟಿದಂತಾಗಿ, ಒಮ್ಮೆ ಕೆಮ್ಮಿ ತನ್ನ ದನಿ ಇದೆಯೇ ಎಂದು ನೋಡಿಕೊಳ್ಳುತ್ತಿದ್ದಳು. ಹುಡುಗರು ಅಣಕಿಸುವುದನ್ನೂ ಬಿಟ್ಟರು, ಅಣಕಿಸುವುದಕ್ಕೆ ಏನೂ ಉಳಿದಿರಲಿಲ್ಲವಲ್ಲ.

ಅವನು ಫೋನು ಮಾಡಲಿಲ್ಲ. ಅವಳು ಅವನನ್ನು ಬೈಯಲಿಲ್ಲ. ಏನೆಂದು ಮಾಡಿಯಾನು? ಇಷ್ಟು ದಿನದಲ್ಲಿ ಒಂದು ಡಬ್ಬಿಯ ನೆಪವಿಲ್ಲದೆ ಇಬ್ಬರೂ ಒಂದು ಮಾತೂ ಆಡಿದವರಲ್ಲ. ಅವಳೇ ಎಷ್ಟೋ ಸಲ ಮೊಬೈಲು ಎತ್ತಿ, ‘ಸುಮ್ನೆ ಮಾಡಿದೆ’ ಎಂಬ ಮಾತನ್ನು ಬಾಯೊಳಗೆ ಉರುಳಿಸಿ ನೋಡಿ, ನಾಚಿಕೆಯಾಗಿ ಕೆಳಗಿಟ್ಟಿದ್ದಳು. ಹೆಂಡತಿ ಮಗಳು ಇರುವ ಗಂಡಸಿಗೆ, ಮುಖ ನೋಡದ ಹೆಂಗಸು, ಕೆಲಸವಿಲ್ಲದೆ ಫೋನು ಮಾಡುವುದೆಂದರೆ ಅದು ಏನಾಗಿ ಕೇಳಿಸುತ್ತದೋ.

ಈ ನಡುವೆ ಸಾಹೇಬ ಇನ್ನೊಂದು ಸಣ್ಣ ಕೆಲಸ ಕೊಟ್ಟ. ಆಚೆಯವನನ್ನು ಆ ಕೇಂದ್ರದಲ್ಲೇ ನೌಕರರಿಗೆ ಬಾಗಿಲು ತೆರೆಯುವ ಕಾರ್ಡು ಹಂಚುವ ವಿಭಾಗಕ್ಕೆ ಹಾಕಿದ್ದಾರೆ, ಇನ್ನು ಶಾಖೆಗಳ ಪರದೆ ಅವನಿಗೆ ಕಾಣುವ ಅಗತ್ಯವಿಲ್ಲ, ಹೆಸರು ತೆಗೆದುಬಿಡಿ ಎಂದ. ಅವಳು ತೆಗೆದಳು. ‘ಖಂಡಿತವಾಗಿಯೂ ತೆಗೆಯಬೇಕೇ’ ಎಂದು ಕಂಪ್ಯೂಟರ್ ಕೇಳಿತು. ಹೌದು ಎಂದು ಒತ್ತಿದಳು. ಆಮೆಯ ಫೋಟೊ ಮಾಯವಾಯಿತು. ಆ ದಿನ ಅವಳು ಮನೆಗೆ ಹೋಗಿ ದೀಪ ಹಾಕದೆ ಹಾಸಿಗೆಯ ಮೇಲೆ ಕೂತು ಅತ್ತಳು. ಅಮ್ಮ ಹೋದಾಗ ಅತ್ತ ಮೇಲೆ ಅಷ್ಟು ಅತ್ತದ್ದು ಅದೇ.

ವಾರ ಕಳೆದ ಮೇಲೆ ಒಂದು ಮಧ್ಯಾಹ್ನ, ಸಾಲಿನವರೆಲ್ಲ ಊಟಕ್ಕೆ ಎದ್ದುಹೋಗಿದ್ದರು. ಪರದೆಯ ತುಂಬ ಹಸಿರು. ಅವಳು ಡ್ರಾಯರಿನಿಂದ ಹೆಡ್‌ಫೋನ್ ತೆಗೆದು ಕಿವಿಗೆ ಹಾಕಿಕೊಂಡು, ಯೋಚನೆಗೆ ಎಡೆಗೊಡದೆ ಅವನ ನಂಬರು ಒತ್ತಿಬಿಟ್ಟಳು.

“ಅಕ್ಕ?” ಎಂದ ಅವನು. ದನಿಯಲ್ಲಿ ಗಾಬರಿಯಿತ್ತು. “ಏನಾಯ್ತು ಅಕ್ಕ, ಯಾವ ಶಾಖೆ ಬಿತ್ತು?”

ಯಾವುದೂ ಬಿದ್ದಿಲ್ಲ, ಸುಮ್ಮನೆ ಮಾಡಿದೆ, ನಿನ್ನ ದನಿ ಕೇಳಬೇಕೆನಿಸಿತು. ಅಷ್ಟು ಹೇಳಿದರೆ ಸಾಕಿತ್ತು. ನಾಲಿಗೆ ಹೊರಳಲಿಲ್ಲ. ಅವಳು ಬಾಯಿಗೆ ಬಂದ ಒಂದು ಶಾಖೆಯ ನಂಬರು ಹೇಳಿದಳು. “ಅದು ಎದ್ದಿದೆಯೋ ಬಿದ್ದಿದೆಯೋ ಗೊತ್ತಾಗ್ತಿಲ್ಲ. ನಿನ್ನ ಕಡೆ ಹೇಗೆ ಕಾಣುತ್ತೆ, ಸ್ವಲ್ಪ ನೋಡ್ತೀಯಾ?”

ಹೇಳಿ ಮುಗಿಸಿದ ಮೇಲೆ ಅವಳಿಗೆ ತನ್ನ ತಪ್ಪು ಹೊಳೆಯಿತು. ಅವನ ಕಡೆ ಏನೂ ಕಾಣುವುದಿಲ್ಲ. ಅವನ ಹೆಸರನ್ನು ತೆಗೆದವಳು ಅವಳೇ. ‘ನಾನೀಗ ಅಲ್ಲಿಲ್ಲ ಅಕ್ಕ, ಬೇರೆಯವರನ್ನ ಕೇಳಿ’ ಎನ್ನುತ್ತಾನೆ, ಅಲ್ಲಿಗೆ ಮುಗಿಯಿತು. ಅವಳು ಕಣ್ಣು ಮುಚ್ಚಿ ಕಾದಳು.

ಆಚೆ ಕಡೆ ಕುರ್ಚಿ ಎಳೆದುಕೊಂಡ ಸದ್ದಾಯಿತು. ಆಮೇಲೆ ಕೀಲಿಮಣೆಯ ಸದ್ದು, ಒಂದಿಷ್ಟು ಒತ್ತಿ, ನಿಲ್ಲಿಸಿ, ಮತ್ತೊಂದಿಷ್ಟು ಒತ್ತಿ, ಥೇಟ್ ಏನನ್ನೋ ಹುಡುಕುವವನ ಹಾಗೆ.

“ಹೌದು ಅಕ್ಕ,” ಎಂದ. “ಬಿದ್ದಿದೆ.”

ಅವಳ ಮುಂದೆ ಆ ಶಾಖೆ ಹಸಿರಾಗಿ ಹೊಳೆಯುತ್ತಿತ್ತು.

“ಏಳೋದಕ್ಕೆ ಹೊತ್ತು ಹಿಡಿಯುತ್ತೆ,” ಎಂದ ಅವನು. “ಕಾಯೋಣ.”